ಜನವರಿಯ ತೀರ್ಮಾನ ಯಾಜಕಕಾಂಡದಲ್ಲಿ ನಿಲ್ಲುವುದೇಕೆ?

ಪ್ರಶ್ನೆ: ನಾನು ಮುಂಬಯಿ ಬಳಿಯ ಡೊಂಬಿವಲಿಯ ನಿವಾಸಿ, 46 ವರ್ಷ, ಕನ್ನಡ ಕ್ರೈಸ್ತ ಸಭೆಯೊಂದರ ಸದಸ್ಯ. ಪ್ರತಿ ಡಿಸೆಂಬರ್ 31ರ ಮಧ್ಯರಾತ್ರಿಯ ಆರಾಧನೆಯಲ್ಲಿ ಇಡೀ ಸತ್ಯವೇದ (ಬೈಬಲ್) ಓದುತ್ತೇನೆ, 10 ಕಿಲೋ ತೂಕ ಇಳಿಸುತ್ತೇನೆ, ದಿನವೂ ಕುಟುಂಬ ಪ್ರಾರ್ಥನೆ ನಡೆಸುತ್ತೇನೆ ಎಂದು ತೀರ್ಮಾನಿಸುತ್ತೇನೆ. ಫೆಬ್ರುವರಿಯ ಹೊತ್ತಿಗೆ ಮೂರೂ ನಿಂತಿರುತ್ತವೆ. ಪ್ರಾರ್ಥನೆಗೆ ಕರೆದರೆ 14 ವರ್ಷದ ಮಗ ಬಾಗಿಲು ಹಾಕಿಕೊಳ್ಳುತ್ತಾನೆ, ನಾನು ರೇಗುತ್ತೇನೆ. ನನ್ನ ವಿಶ್ವಾಸವೇ ದುರ್ಬಲವೇ?

ಉತ್ತರ: ಹಾಗೆಂದು ನನಗೆ ಅನ್ನಿಸುವುದಿಲ್ಲ. ಮೆಥಡಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಥದ ಸಭೆಗಳಲ್ಲಿ ಹೊಸ ವರ್ಷದ ಆರಂಭದಲ್ಲಿ ನಡೆಯುವ ಒಡಂಬಡಿಕೆಯ ಆರಾಧನೆಯನ್ನು, ಅಂದರೆ ದೇವರಿಗೆ ತಮ್ಮನ್ನು ಮತ್ತೆ ಒಪ್ಪಿಸಿಕೊಳ್ಳುವ ಆರಾಧನೆಯನ್ನು, ಆ ಪಂಥದ ಸ್ಥಾಪಕ ಜಾನ್ ವೆಸ್ಲಿಯವರು 1755ರಲ್ಲಿ ಆರಂಭಿಸಿದರು. ಆ ಒಡಂಬಡಿಕೆಯನ್ನು ವರ್ಷವರ್ಷವೂ ನವೀಕರಿಸುವುದು ಮನುಷ್ಯನು ಮತ್ತೆ ಮತ್ತೆ ಹಿಂದಿರುಗಿ ಬರಬೇಕಾದವನು ಎಂಬ ಅರಿವಿನಿಂದಲೇ. ನಿಮ್ಮ ತೊಂದರೆ ಬೇರೆಡೆ ಇದೆ. ಬೆಳಿಗ್ಗೆ ಲೋಕಲ್ ರೈಲು ಹಿಡಿದು ರಾತ್ರಿ ಒಂಬತ್ತಕ್ಕೆ ಮನೆ ಸೇರುವವನ ದಿನದಲ್ಲಿ ಎಷ್ಟು ಜಾಗವಿದೆ ಎಂದು ನೋಡದೆ, ಮನೆಯವರನ್ನೂ ಕೇಳದೆ, ನೀವೊಬ್ಬರೇ ತೀರ್ಮಾನ ಮಾಡಿದಿರಿ.

ಸತ್ಯವೇದದಲ್ಲಿ 1,189 ಅಧ್ಯಾಯಗಳಿವೆ. ದಿನಕ್ಕೆ ಮೂರರಂತೆ ಓದುವವರು ಮೊದಲ ಎರಡು ಪುಸ್ತಕಗಳಾದ ಆದಿಕಾಂಡದ 50, ವಿಮೋಚನಕಾಂಡದ 40 ಅಧ್ಯಾಯಗಳನ್ನು ಮುಗಿಸಿ ಜನವರಿಯ ಕೊನೆಗೆ ಮೂರನೆಯದಾದ ಯಾಜಕಕಾಂಡದ ಯಜ್ಞವಿಧಿಗಳ ಮುಂದೆ ನಿಂತಿರುತ್ತಾರೆ; ದಣಿದ ಓದುಗರು ಪುಸ್ತಕ ಮುಚ್ಚುವುದು ಬಹುಮಟ್ಟಿಗೆ ಅಲ್ಲೇ. ಈ ಬಾರಿ ದಿನಕ್ಕೆ ಒಂದೇ ಅಧ್ಯಾಯ ಸಾಕು. 16 ಅಧ್ಯಾಯಗಳ ಮಾರ್ಕನ ಸುವಾರ್ತೆಯಿಂದ ಆರಂಭಿಸಿದರೆ ನಾಲ್ಕೂ ಸುವಾರ್ತೆಗಳ 89 ಅಧ್ಯಾಯಗಳು ಸುಮಾರು ಮೂರು ತಿಂಗಳಲ್ಲಿ ಮುಗಿಯುತ್ತವೆ. ಒಂದು ದಿನ ತಪ್ಪಿದರೆ ಮರುದಿನ ಎರಡು ಓದಬೇಡಿ, ಬಿಟ್ಟಲ್ಲಿಂದ ಮುಂದುವರಿಸಿ. ಬಾಕಿ ತೀರಿಸುವ ಲೆಕ್ಕ ಶುರುವಾದರೆ ಓದು ಸಾಲದಂತೆ ಭಾರವಾಗುತ್ತದೆ.

ಮಗನ ವಿಷಯವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಮುಂಬಯಿಯಲ್ಲಿ ಹುಟ್ಟಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಅನೇಕ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಆದರೆ ಕನ್ನಡ ಅಕ್ಷರ ಓದಲಾರರು. ಅಂಥ ಹುಡುಗನ ಕೈಗೆ ಕನ್ನಡ ಸತ್ಯವೇದ ಕೊಟ್ಟು ಎಲ್ಲರ ಮುಂದೆ ಓದಲು ಹೇಳಿದರೆ ಅವನಿಗೆ ಆಗುವುದು ಅವಮಾನ. ಅದನ್ನು ನಾವು ಭಕ್ತಿಯಿಲ್ಲದ ಹಟವೆಂದು ತಪ್ಪಾಗಿ ತಿಳಿಯುತ್ತೇವೆ. ನಿಮ್ಮ ಮನೆಯಲ್ಲೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ, ಒಮ್ಮೆ ಅವನನ್ನೇ ಮೆಲ್ಲಗೆ ಕೇಳಿ. ಅವನು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಐದು ವಚನ ಓದಲಿ, ಅವೇ ವಚನಗಳನ್ನು ನೀವು ಕನ್ನಡದಲ್ಲಿ ಓದಿ, ಅವನ ತಾಯಿ ಚಿಕ್ಕ ಪ್ರಾರ್ಥನೆ ಮಾಡಲಿ. ಹತ್ತು ನಿಮಿಷ ಸಾಕು. ದಿನವೂ ಆಗದಿದ್ದರೆ ವಾರಕ್ಕೆ ಮೂರು ರಾತ್ರಿ ಇರಲಿ, ಯಾವ ಮೂರು ಎಂಬುದನ್ನು ಅವನೇ ಆರಿಸಲಿ. ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ಮಕ್ಕಳನ್ನು ರೇಗಿಸಬಾರದೆಂಬ ಮಾತನ್ನು ಪೌಲನು ನೇರವಾಗಿ ತಂದೆಗಳಿಗೇ ಹೇಳಿದ್ದಾನೆ. ಹಿಂದೆ ಕೂಗಾಡಿದ್ದಕ್ಕಾಗಿ ಮಗನಲ್ಲಿ ಕ್ಷಮೆ ಕೇಳುವುದನ್ನು ಈ ವರ್ಷದ ಮೊದಲ ಕೆಲಸವನ್ನಾಗಿ ಮಾಡಿಕೊಳ್ಳಿ.

ಆರೋಗ್ಯದ ಬಗ್ಗೆ ಎರಡೇ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ವ್ಯಾಯಾಮ ಬೇಕು. ಮನೆಯಿಂದ ಸ್ಟೇಷನ್ನಿಗೆ ರಿಕ್ಷಾ ಬಿಟ್ಟು ಹೋಗುವಾಗ 15, ಬರುವಾಗ 15 ನಿಮಿಷ ಚುರುಕಾಗಿ ನಡೆದರೆ ಐದು ದಿನಗಳಲ್ಲಿ ಅಷ್ಟೂ ಆಗುತ್ತದೆ. 10 ಕಿಲೋ ಎಂಬ ಗುರಿಯನ್ನು ಬಿಟ್ಟು ಈಗಿನ ತೂಕದಲ್ಲಿ ಶೇ. 5ರಷ್ಟು ಇಳಿಸಲು ನೋಡಿ. ಅದಕ್ಕೂ ಮೊದಲು ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿ. ನಡೆಯುವಾಗ ಎದೆ ಬಿಗಿದಂತಾದರೆ ತಡಮಾಡದೆ ವೈದ್ಯರನ್ನು ಕಾಣಿ.

ಡಿಸೆಂಬರ್ 31ರವರೆಗೆ ಕಾಯಬೇಡಿ. ಈ ಭಾನುವಾರ ಆರಾಧನೆ ಮುಗಿಸಿ ಬಂದು ಊಟಕ್ಕೆ ಕುಳಿತಾಗ ಹೆಂಡತಿ ಮತ್ತು ಮಗನ ಮುಂದೆ ಈ ಮಾತುಗಳನ್ನಿಟ್ಟು, ಅವರು ಒಪ್ಪಿದಷ್ಟನ್ನು ಮಾತ್ರ ಬರೆದಿಡಿ.