ಅಡುಗೆಮನೆಯ ನಲ್ಲಿ ಮಾತ್ರ ನಿಂತಿದ್ದರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟಿರಬೇಕು

ವಾರದಿಂದ ಮೈನಸ್ 25 ಡಿಗ್ರಿ, ಬಚ್ಚಲಿನಲ್ಲಿ ನೀರು ಬರುತ್ತಿದೆ, ಅಡುಗೆಮನೆಯಲ್ಲಿ ಮಾತ್ರ ಇಲ್ಲ ಎಂದಿದ್ದೀರಿ. ಹಾಗಾದರೆ ಹೊರಗೋಡೆಗೆ ತಾಗಿದ ಪೈಪಿನಲ್ಲಿ ನೀರು ಹೆಪ್ಪುಗಟ್ಟಿರಬೇಕು. ಸಿಂಕಿನ ಕೆಳಗಿನ ಕಪಾಟು ತೆರೆದು ಪೈಪನ್ನು ಮುಟ್ಟುತ್ತಾ ಹೋಗಿ. ಕೈ ಜೋಮು ಹಿಡಿಯುವಷ್ಟು ತಣ್ಣಗಿದ್ದು, ಮೇಲೆ ಬಿಳಿ ಹಿಮದ ಪುಡಿ ಕೂತಿರುವ ಕಡೆಯೇ ಅದು.

ಮೊದಲು ಮನೆಯ ಮುಖ್ಯ ವಾಲ್ವ್ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಪೈಪ್ ಬಿರಿದಿದ್ದರೂ ಅದು ಕರಗುವವರೆಗೆ ತಿಳಿಯುವುದಿಲ್ಲ. ನಲ್ಲಿಯನ್ನು ತೆರೆದೇ ಇಡಿ. ಹೇರ್ ಡ್ರೈಯರ್ ಹಿಡಿದು ನಲ್ಲಿಯ ಕಡೆಯಿಂದ ಹೆಪ್ಪುಗಟ್ಟಿದ ಜಾಗದತ್ತ ನಿಧಾನವಾಗಿ ಸಾಗಿ. ಬೆಂಕಿಯ ಜ್ವಾಲೆ ಮಾತ್ರ ಬೇಡವೇ ಬೇಡ, ಗೋಡೆಗೇ ಹತ್ತಿಕೊಳ್ಳುತ್ತದೆ. ನನ್ನ ಮನೆಯಲ್ಲಿ ಮುಕ್ಕಾಲು ಗಂಟೆ ಹಿಡಿಯಿತು: ಮೊದಲು ಗೊರಗೊರ ಸದ್ದು, ಆಮೇಲೆ ಒಂದೊಂದೇ ಹನಿ, ಕೊನೆಗೆ ಧಾರೆ.

ಹೆಪ್ಪುಗಟ್ಟಿದ ಭಾಗ ಗೋಡೆಯೊಳಗಿದ್ದರೆ ಇದು ಫಲಿಸುತ್ತದೆಂದು ಖಚಿತವಾಗಿ ಹೇಳಲಾರೆ. ಕಪಾಟು ತೆರೆದಿಟ್ಟು ಕೋಣೆಯನ್ನು ಬೆಚ್ಚಗೆ ಮಾಡಿ. ಒಂದೆರಡು ಗಂಟೆಯಲ್ಲಿ ನೀರು ಬಾರದಿದ್ದರೆ ಪ್ಲಂಬರನ್ನು ಕರೆಯಿರಿ. ಎಲ್ಲಾದರೂ ತೇವ ಕಂಡರೆ ತಕ್ಷಣ ಮುಖ್ಯ ವಾಲ್ವ್ ಮುಚ್ಚಿ. ನೀರು ಬಂದ ಮೇಲೂ, ಈ ಚಳಿ ಇಳಿಯುವವರೆಗೆ, ರಾತ್ರಿ ಆ ನಲ್ಲಿಯಲ್ಲಿ ನೂಲಿನಷ್ಟು ಸಣ್ಣಗೆ ನೀರು ಹರಿಯುತ್ತಿರಲಿ.