ಆಪರೇಷನ್ ವೇಳೆ ಹೃದಯದ ಲಯ, ಆಕ್ಸಿಜನ್ ಮಟ್ಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತಾಯಿಗೆ 66 ವರ್ಷ, ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಬಡಿತ ಲಯ ತಪ್ಪುವ ತೊಂದರೆ) ಇದೆ. ಬಡಿತ ತಗ್ಗಿಸುವ ಮೆಟೊಪ್ರೊಲಾಲ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ಹರ್ನಿಯಾ ಆಪರೇಷನ್‌ಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದಾರೆ. ಅಂದು ಮಾತ್ರೆಗಳನ್ನೂ ಬಿಡಬೇಕೆ?

ಉತ್ತರ: ಎಲ್ಲವನ್ನೂ ಬಿಡುವಂತಿಲ್ಲ. ಮೆಟೊಪ್ರೊಲಾಲ್ ಮಾತ್ರೆಯನ್ನು ಸಾಮಾನ್ಯವಾಗಿ ಅಂದು ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗಿಸುತ್ತಾರೆ. ಥಟ್ಟನೆ ನಿಲ್ಲಿಸಿದರೆ ಬಡಿತ ನಿಮಿಷಕ್ಕೆ 130–140ಕ್ಕೆ ಏರಬಹುದು. ಆ ವೇಗದಲ್ಲಿ ಹೃದಯಕ್ಕೆ ರಕ್ತ ತುಂಬಿಕೊಳ್ಳಲು ಪುರುಸೊತ್ತು ಸಿಗದೆ ಬಿಪಿ ಕುಸಿಯುತ್ತದೆ. ವಾರ್ಫರಿನ್ ಲೆಕ್ಕವೇ ಬೇರೆ. ಅದನ್ನು ಸಾಮಾನ್ಯವಾಗಿ 5 ದಿನ ಮುಂಚೆ ನಿಲ್ಲಿಸಿ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬುದರ ಅಳತೆಯಾದ ಐಎನ್‌ಆರ್ 1.5ಕ್ಕಿಂತ ಕೆಳಗಿಳಿದಿದೆಯೇ ಎಂದು ನೋಡುತ್ತಾರೆ. ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ. ಮಾತ್ರೆಗಳ ಪಟ್ಟಿಯನ್ನು ಅರಿವಳಿಕೆ ತಜ್ಞರ ಮುಂದಿಟ್ಟು, ಯಾವುದು ಯಾವ ದಿನದವರೆಗೆ ಎಂದು ಬರೆಸಿಕೊಳ್ಳಿ. ಮೂತ್ರ ಹೋಗಿಸುವ ಮಾತ್ರೆಯೂ ಇದ್ದರೆ ತಪ್ಪದೆ ಹೇಳಿ. ಅದರಿಂದ ಪೊಟ್ಯಾಸಿಯಂ ಇಳಿದು ಲಯ ಇನ್ನಷ್ಟು ಕೆಡಬಹುದು.

ಪ್ರಶ್ನೆ: ಬೆರಳಿನ ಆಕ್ಸಿಮೀಟರ್ 98 ತೋರಿಸುತ್ತಿದ್ದರೆ ನಿಶ್ಚಿಂತೆಯೇ? ಉಗುರು ಬಣ್ಣ ಯಾಕೆ ತೆಗೆಸುತ್ತಾರೆ?

ಉತ್ತರ: ಆ ಕ್ಲಿಪ್ ಕೆಂಪು ಮತ್ತು ಅವಗೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ಎಷ್ಟು ಹೀರಿಕೆಯಾಯಿತು ಎಂದು ಅಳೆಯುತ್ತದೆ. ಗಾಢ ಬಣ್ಣ ಆ ಬೆಳಕನ್ನು ತಡೆಯುತ್ತದೆ. ಬೆರಳು ತಣ್ಣಗಾಗಿದ್ದರೂ ಬಿಪಿ ಇಳಿದಿದ್ದರೂ ಅಳತೆ ನಂಬುವಂತಿರುವುದಿಲ್ಲ. ಆದ್ದರಿಂದ ತಜ್ಞರು ಅಂಕಿಗಿಂತ ಮೊದಲು ಪರದೆಯಲ್ಲಿ ಅದರ ಪಕ್ಕದ ನಾಡಿಯ ಅಲೆಯನ್ನು ನೋಡುತ್ತಾರೆ. ಅಲೆ ಚಪ್ಪಟೆಯಾಗಿದ್ದರೆ 98ಕ್ಕೆ ಬೆಲೆಯಿಲ್ಲ.

ಅದಕ್ಕಿಂತ ದೊಡ್ಡ ವಿಷಯವೆಂದರೆ ತಡ. ಅರಿವಳಿಕೆಗೆ ಮುನ್ನ ಸುಮಾರು 3 ನಿಮಿಷ ಶುದ್ಧ ಆಕ್ಸಿಜನ್ ಕೊಟ್ಟಿರುತ್ತಾರೆ. ಹಾಗಾಗಿ ಉಸಿರು ನಿಂತ ಮೇಲೂ ಅಂಕಿ ಕೆಲವು ನಿಮಿಷ ಕದಲದೆ ಇರಬಹುದು. 90ರ ಆಸುಪಾಸಿಗೆ ಬಂದ ಮೇಲೆ ಮಾತ್ರ ಸರ್ರನೆ ಜಾರುತ್ತದೆ. ಉಸಿರು ನಿಂತದ್ದನ್ನು ಕೂಡಲೇ ತೋರಿಸುವುದು ಹೊರಬರುವ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್. ಅರಿವಳಿಕೆಯಲ್ಲಿ ಅದು ಇರಲೇಬೇಕು. ಆಕ್ಸಿಮೀಟರ್‌ನ ಬೀಪ್ ಸದ್ದಿನ ಸ್ವರ ಆಕ್ಸಿಜನ್ ಇಳಿದಂತೆ ತಗ್ಗುತ್ತಾ ಹೋಗುತ್ತದೆ, ಕಣ್ಣು ಬೇರೆಡೆ ಇದ್ದರೂ ಕಿವಿಗೆ ಗೊತ್ತಾಗಲಿ ಎಂದು. ಈ ಸದ್ದನ್ನು ಯಾರೂ ಮ್ಯೂಟ್ ಮಾಡಬಾರದು.

ಪ್ರಶ್ನೆ: ಇಸಿಜಿ ಇದ್ದ ಮೇಲೆ ನಾಡಿಯನ್ನು ಮತ್ತೆ ಆಕ್ಸಿಮೀಟರ್‌ನಲ್ಲಿ ನೋಡುವುದೇಕೆ?

ಉತ್ತರ: ಇಸಿಜಿ ತೋರಿಸುವುದು ವಿದ್ಯುತ್ತನ್ನು, ರಕ್ತದ ಹರಿವನ್ನಲ್ಲ. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಇಸಿಜಿ 120 ಎಂದರೂ ಬೆರಳಿಗೆ 95 ಬಡಿತಗಳಷ್ಟೇ ತಲುಪಬಹುದು, ಉಳಿದವು ದುರ್ಬಲವಾಗಿರುತ್ತವೆ. ಕಾಟರಿ (ವಿದ್ಯುತ್ತಿನಿಂದ ಸುಟ್ಟು ರಕ್ತಸ್ರಾವ ನಿಲ್ಲಿಸುವ ಉಪಕರಣ) ಒತ್ತಿದಾಗಲಂತೂ ಇಸಿಜಿ ಗೆರೆ ಕಲಸಿಹೋಗುತ್ತದೆ. ಆ ಕ್ಷಣಗಳಲ್ಲಿ ಹೃದಯ ರಕ್ತ ತಳ್ಳುತ್ತಿದೆಯೇ ಎಂದು ಹೇಳುವುದು ಬೆರಳಿನ ಅಲೆ.