ಇಂಜಿನಿಯರ್ ಅಧಿಕಾರಿಗೂ ಪರಮವೀರ ಚಕ್ರ ಸಿಕ್ಕಿದೆ

ರಸ್ತೆ, ಸೇತುವೆ ಕಟ್ಟುವ ಇಂಜಿನಿಯರ್ ಅಧಿಕಾರಿಗೆ ಶೌರ್ಯ ಪದಕ ಹೇಗೆ ಬರುತ್ತೆ ಅಂತ ಕೇಳಿದ್ದೀರಿ. ನಮ್ಮ ಕಾರವಾರ ಹತ್ತಿರದ ಚೆಂಡಿಯಾ ಮೂಲದ ರಾಮಾ ರಾಘೋಬಾ ರಾಣೆ ಅವರನ್ನೇ ನೋಡಿ. ಸೇನೆಯ ಇಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್. 1948ರ ಏಪ್ರಿಲ್‌ನಲ್ಲಿ, ಪಾಕಿಸ್ತಾನದ ಜೊತೆಗಿನ ಕಾಶ್ಮೀರ ಯುದ್ಧದ ವೇಳೆ, ನಮ್ಮ ಟ್ಯಾಂಕ್‌ಗಳು ಜಮ್ಮುವಿನ ನೌಶೇರಾದಿಂದ ರಜೌರಿಗೆ ಹೋಗಬೇಕಿತ್ತು. ದಾರಿ ತುಂಬಾ ನೆಲಬಾಂಬು (ಮೈನು), ಕಡಿದು ಬೀಳಿಸಿದ ಮರ. ಮೊದಲ ದಿನವೇ ಮಾರ್ಟರ್ ದಾಳಿಯಲ್ಲಿ ಅವರ ತಂಡದ ಇಬ್ಬರು ಸತ್ತರು, ರಾಣೆಯವರಿಗೂ ಗಾಯ. ಆದರೂ ಬಿಡಲಿಲ್ಲ. ಚಲಿಸುವ ಟ್ಯಾಂಕಿನ ಅಡಿಯಲ್ಲೇ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ‘ನಿಲ್ಲು, ಹೋಗು’ ಅಂತ ಸನ್ನೆ ಕೊಟ್ಟರು! ಮೂರ್ನಾಲ್ಕು ದಿನ ಹೀಗೇ ದಾರಿ ಬಿಡಿಸಿದರು. ನನ್ನ ಕೇಳಿದರೆ, ಬಂದೂಕು ಹಿಡಿದು ನುಗ್ಗೋದಕ್ಕಿಂತ ಇದಕ್ಕೇ ಗುಂಡಿಗೆ ಜಾಸ್ತಿ ಬೇಕು. ಪರಮವೀರ ಚಕ್ರ ಅವರಿಗೆ ಬದುಕಿದ್ದಾಗಲೇ ಸಿಕ್ಕಿತು. ತೀರಿಕೊಂಡಿದ್ದು 1994ರಲ್ಲಿ.